ಹಂಚು ಇಳಿಸಿದ ವಾರ

ನಮ್ಮ ರೊಟ್ಟಿ ವ್ಯಾಪಾರದಲ್ಲಿ ಇಬ್ಬರೇ ಪಾಲುದಾರರು. ಹೆಂಡತಿ ರೊಟ್ಟಿ ಬಡಿಯುತ್ತಾಳೆ, ದೂರದೃಷ್ಟಿ ನನ್ನದು. ಹೊರಗಿನವರ ಮುಂದೆ ನಾನು ಹೀಗೆ ಹೇಳಿಕೊಂಡಾಗಲೆಲ್ಲ ಅವಳು ಒಳಗಿನಿಂದಲೇ, "ಆ ದೃಷ್ಟಿ ತಗೊಂಡು ಜರಾ ಮಾಳಿಗಿ ಮ್ಯಾಲೆ ಹೋಗ್ರಿ, ಜ್ವಾಳ ಒಣಗ್ಯಾವೋ ಇಲ್ಲೋ ನೋಡ್ರಿ" ಎನ್ನುತ್ತಾಳೆ. ನಾನು ಹೋಗಿ ನೋಡುತ್ತೇನೆ. ಒಣಗಿವೆಯೋ ಇಲ್ಲವೋ ನನಗೆ ಇಂದಿಗೂ ಸರಿಯಾಗಿ ತಿಳಿಯುವುದಿಲ್ಲ. ಒಂದು ಹಿಡಿ ತಂದು ಅವಳ ಮುಂದೆ ಹಿಡಿಯುತ್ತೇನೆ, ಅವಳು ಒಂದು ಕಾಳು ಕಚ್ಚಿ ನೋಡಿ ಹೇಳುತ್ತಾಳೆ.

ನಾವು ಕುಂದಗೋಳ ತಾಲೂಕಿನ ಕುಬಿಹಾಳದವರು. ಎರೆಮಣ್ಣಿನ ಸೀಮೆ, ಬಿಳಿಜೋಳ ತಿಂದು ಬೆಳೆದ ಮಂದಿ. ಅವಳು ಕಲಘಟಗಿ ಕಡೆಯ ತಂಬೂರದವಳು. ಅಲ್ಲಿ ಗದ್ದೆ, ಭತ್ತ, ಅನ್ನ. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಬಡಿದ ಜೋಳದ ರೊಟ್ಟಿಗೆ ಒಂದು ಕಡೆ ಮೂಗು, ಇನ್ನೊಂದು ಕಡೆ ಬಾಲ ಇರುತ್ತಿತ್ತು. ನನ್ನ ತಾಯಿ ಅದನ್ನು ಬೆಳಕಿಗೆ ಹಿಡಿದು, "ಇದು ಯಾವ ತಾಲೂಕಿನ ನಕಾಶಿ ಬೇ?" ಎಂದು ಕೇಳುತ್ತಿದ್ದಳು. ನಾನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.  ಅವಳು ಕೆಟ್ಟವನ್ನು ಎಮ್ಮೆಗೆ ಹಾಕಿದಳು, ಮತ್ತೆ ಹಿಟ್ಟು ನಾದಿದಳು. ಆ ವರ್ಷ ನಮ್ಮ ಎಮ್ಮೆ ಮೈ ತುಂಬಿಕೊಂಡದ್ದನ್ನು ಓಣಿಯೇ ಮಾತಾಡಿಕೊಂಡಿತು. ಬರುಬರುತ್ತ ನನ್ನ ತಾಯಿ ಒಲೆಯ ಮುಂದೆ ಕೂರುವುದನ್ನು ಬಿಟ್ಟು ಕಟ್ಟೆಯ ಮೇಲೆ ಕೂತಳು. ಸೊಸೆಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನಮ್ಮ ಮನೆಯಲ್ಲಿ ಇಲ್ಲ.

ಆ ಹೊತ್ತಿಗೆ ನಾನು ಏನು ಮಾಡುತ್ತಿದ್ದೆ? ಉದ್ಯಮಿ ಆಗುತ್ತಿದ್ದೆ. ಮೊದಲು ಮೊಬೈಲ್ ರೀಚಾರ್ಜ್ ಅಂಗಡಿ ಇಟ್ಟೆ. ಮಂದಿ ತಮ್ಮ ಫೋನಿನಿಂದ ತಾವೇ ಹಾಕಿಕೊಳ್ಳುವುದನ್ನು ಕಲಿತರು. ಆಮೇಲೆ ಕೋಳಿ ಸಾಕಿದೆ. ಕೋಳಿಗಳ ವಿಷಯ ಬೇಡ. ಆಮೇಲೆ ಝೆರಾಕ್ಸ್ ಮಷೀನು ತಂದೆ, ಕರೆಂಟು ಇದ್ದಾಗ ಗಿರಾಕಿ ಇಲ್ಲ, ಗಿರಾಕಿ ಬಂದಾಗ ಕರೆಂಟಿಲ್ಲ. ಯಾವುದೂ ಕೈಗೆ ಹತ್ತಲಿಲ್ಲ. ಪ್ರತಿಸಲ ಬಾಗಿಲು ಹಾಕಿ ಮನೆಗೆ ಬಂದಾಗ ತಾಟಿನಲ್ಲಿ ಬಿಸಿ ರೊಟ್ಟಿ ಇರುತ್ತಿತ್ತು. ಅದನ್ನು ತಿನ್ನುತ್ತಲೇ ನಾನು ಮುಂದಿನ ಧಂದೆ ಯಾವುದೆಂದು ಯೋಚಿಸುತ್ತಿದ್ದೆ. ತಿನ್ನುತ್ತಿರುವುದೇ ಧಂದೆ ಎಂದು ಹೊಳೆಯಲಿಲ್ಲ.

ಹೊಳೆದದ್ದು ಕುಂದಗೋಳದ ಒಬ್ಬ ಖಾನಾವಳಿಯವನಿಗೆ. ನಮ್ಮ ಮನೆಯ ಒಂದು ಕಾರ್ಯದಲ್ಲಿ ಊಟಕ್ಕೆ ಕೂತವನು ರೊಟ್ಟಿ ಮುರಿದು, ಅದರ ಸಪ್ಪಳ ಕೇಳಿ, "ಯಾರ ಬಡದ್ರಿ ಇವು?" ಎಂದ. ಮರುದಿನದಿಂದ ಅವನಿಗೊಂದು ಬುಟ್ಟಿ ಕಡಕ್ ರೊಟ್ಟಿ ಹೋಗತೊಡಗಿತು. ಆಮೇಲೆ ಹುಬ್ಬಳ್ಳಿಯ ಖಾನಾವಳಿಗಳು ಕೇಳಿದವು. ಅವಳು ಓಣಿಯ ಸೊಸೆಯಂದಿರನ್ನು ಒಬ್ಬೊಬ್ಬರಾಗಿ ಕರೆದಳು, ಹಿತ್ತಲಲ್ಲಿ ತಗಡು ಹೊದಿಸಿ ಒಲೆ ಹೂಡಿದಳು. ಮಳೆಗಾಲದಲ್ಲಿ ಕಟ್ಟಿಗೆ ಹಸಿಯಾಗಬಾರದೆಂದು ನಾವು ಮಲಗುವ ಮಂಚದ ಕೆಳಗೆ ಪೇರಿಸಿಟ್ಟಳು. ಜ್ವರ ಬಂದಾಗ ತಲೆಗೆ ಅರಿವೆ ಬಿಗಿದುಕೊಂಡು ಬಡಿದಳು. ನನ್ನ ತಾಯಿ ಹಾಸಿಗೆ ಹಿಡಿದಾಗ ಅತ್ತೆಗೆ ಒಂದು ಕೈ, ಹಿಟ್ಟಿಗೆ ಒಂದು ಕೈ. ನಾನು ಬೈಕಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಮುಟ್ಟಿಸಿ ಬರುತ್ತಿದ್ದೆ. ಇಷ್ಟಕ್ಕೇ ನನಗೆ ನಾನು ಮ್ಯಾನೇಜಿಂಗ್ ಡೈರೆಕ್ಟರ್ ಅನ್ನಿಸಿತು, ಹಾಗೆಂದು ಕಾರ್ಡನ್ನೂ ಮಾಡಿಸಿದೆ.

ನನ್ನ ದೂರದೃಷ್ಟಿಯ ಎರಡು ಉದಾಹರಣೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಓಣಿಯವರು ಹೇಳುತ್ತಾರೆ. ಒಂದು, ರೊಟ್ಟಿ ಪಾಕೀಟಿನ ಮೇಲೆ ಅಂಟಿಸಲು ಚೀಟಿ ಅಚ್ಚು ಹಾಕಿಸಿದೆ. ಅದರ ಮೇಲೆ ನನ್ನ ಫೋಟೋ, ಕೊರಳಲ್ಲಿ ಟೈ. ಸ್ಟುಡಿಯೋದವನ ಟೈ ಅದು. ಹುಬ್ಬಳ್ಳಿಯ ಅಂಗಡಿಯಲ್ಲಿ ಒಬ್ಬ ಹೆಣ್ಣುಮಗಳು ಪಾಕೀಟು ಕೈಗೆತ್ತಿಕೊಂಡು, "ಈ ಮನಷ್ಯಾ ಬಡದ ರೊಟ್ಟಿ ನನಗ ಬ್ಯಾಡ್ರಿ" ಎಂದು ಇಟ್ಟುಹೋದಳಂತೆ. ಉಳಿದ ಚೀಟಿಗಳನ್ನು ಹೆಂಡತಿ ಡಬ್ಬಿಗಳ ತಳಕ್ಕೆ ಹಾಸಿದ್ದಾಳೆ. ಖಾರದಪುಡಿ ತೀರಿದಾಗ ನಾನು ಕಾಣಿಸಿಕೊಳ್ಳುತ್ತೇನೆ. ಎರಡನೆಯದು ರೊಟ್ಟಿ ಒತ್ತುವ ಮಷೀನು. ಅದರಿಂದ ಬಂದದ್ದು ನೋಡಲು ದುಂಡಗಿತ್ತು, ಚಂದ್ರನ ಹಾಗೆ. ಬಾಯಿಗೆ ಹಾಕಿದರೆ ರಟ್ಟು. ಖಾನಾವಳಿಯವನು ಒಂದು ತುಂಡು ತಿಂದು ನೀರು ಕುಡಿದು, "ಅಕ್ಕಾರಿಗೆ ಆರಾಮಿಲ್ಲೇನ್ರಿ?" ಎಂದು ಕೇಳಿದ. ಈಗ ಆ ಮಷೀನಿನ ಮೇಲೆ ಬೆಕ್ಕು ಮಲಗುತ್ತದೆ.

ಇನ್ನು ಪಂಚಮಿಯ ವಿಷಯ. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆಯುತ್ತಾನೆ, ಮದುವೆಯಾದವಳು ತವರಿಗೆ ಹೋಗುತ್ತಾಳೆ, ಉಂಡಿ ತಿನ್ನುತ್ತಾಳೆ, ಜೋಕಾಲಿ ಆಡುತ್ತಾಳೆ. ಮೊದಲು ಬರುವುದು ರೊಟ್ಟಿ ಹಬ್ಬ. ಅವತ್ತು ಮನೆಮನೆಯಲ್ಲೂ ರೊಟ್ಟಿ ಬಡಿದು, ಪಲ್ಯ, ಚಟ್ನಿ-ಹಿಂಡಿ ಸಮೇತ ಓಣಿಗೆಲ್ಲ ಬೀರುತ್ತಾರೆ. ಸಂಜೆ ರೊಟ್ಟಿ ಬೇಯಿಸುವ ಹಂಚನ್ನು ಒಲೆಯಿಂದ ಇಳಿಸಿ, ತೊಳೆದು, ಬೋರಲು ಹಾಕಿಬಿಡುತ್ತಾರೆ. ಮರುದಿನ ನಾಗಪ್ಪನಿಗೆ ಹಾಲೆರೆಯುವುದು. ಹಬ್ಬ ಮುಗಿಯುವವರೆಗೆ ಸುಡುವುದು, ಹುರಿಯುವುದು ಏನೂ ಇಲ್ಲ, ಹಂಚು ಒಲೆ ಏರುವ ಮಾತೇ ಇಲ್ಲ.

ನನ್ನ ಹೆಂಡತಿ ಪಂಚಮಿಗೆ ತವರು ಕಂಡು ಬಹಳ ವರ್ಷಗಳಾಗಿದ್ದವು. ಮೊದಲು ಅತ್ತೆಯ ಹಾಸಿಗೆ, ಅತ್ತೆ ತೀರಿದ ಮೇಲೆ ಹಂಚು ಇಳಿಸುವ ದಿನದವರೆಗೂ ಬಿಡದ ಈ ಒಲೆಗಳು. ತಮ್ಮ ಮಾತ್ರ ತಪ್ಪದೆ ಪ್ರತಿವರ್ಷ ಕರೆಯಲು ಬರುತ್ತಿದ್ದ, ಅಕ್ಕನ ಬದಲು ರೊಟ್ಟಿಯ ಗಂಟು ಒಯ್ಯುತ್ತಿದ್ದ. ಗಂಟು ಕಟ್ಟಿ ಕೊಟ್ಟು ಅವಳು ಹಿತ್ತಲಿಗೆ ಹೋಗುತ್ತಿದ್ದಳು, ಅವನು ಬಸ್ ಸ್ಟ್ಯಾಂಡಿನ ಕಡೆ ಹೋಗುತ್ತಿದ್ದ. ಹೋದ ವರ್ಷ ಯುಗಾದಿಗೇ ಅವಳು ಹೇಳಿಬಿಟ್ಟಿದ್ದಳು: "ಈ ವರ್ಷ ಪಂಚಮಿಗೆ ನಾ ಹೋಗಾಕಿ. ಯಾರ ಏನರ ಅನ್ಲಿ." ನಾನು ಹೂಂ ಎಂದಿದ್ದೆ. ಹೂಂ ಎನ್ನುವುದು ನನಗೆ ಸುಲಭ, ಎಲ್ಲರಿಗೂ ಅನ್ನುತ್ತೇನೆ.

ಹುಬ್ಬಳ್ಳಿಯ ಒಬ್ಬ ಕೇಟರಿಂಗಿನವರಿಗೂ ಹೂಂ ಎಂದೆ. ದೊಡ್ಡ ಕಾರ್ಖಾನೆಯೊಂದರ ಕ್ಯಾಂಟೀನು ಅವರ ಕೈಯಲ್ಲಿತ್ತು. ಒಂದು ತಾರೀಖು ಹೇಳಿ, ಅವತ್ತು ಬೆಳಿಗ್ಗೆ ಮೊದಲ ಲೋಡು ಬರಲಿ, ಹಿಡಿಸಿದರೆ ವರ್ಷವಿಡೀ ನಿಮ್ಮದೇ ಎಂದರು. ನಾನು ಮೊಬೈಲಿನಲ್ಲಿ ತಾರೀಖು ನೋಡಿದೆ. ಕ್ಯಾಲೆಂಡರಿನ ಆ ಮನೆ ಖಾಲಿ ಇತ್ತು. ಮೊಬೈಲಿಗೆ ಪಂಚಮಿ ಗೊತ್ತಿಲ್ಲ, ಅದನ್ನು ಹಿಡಿದಿದ್ದವನಿಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಪಂಚಮಿ ರೊಟ್ಟಿ ತಿಂದದ್ದೇನೋ ತಿಂದಿದ್ದೆ, ಅದು ಯಾವ ದಿನ ಬಡಿದದ್ದು ಎಂದು ಯಾವತ್ತು ಕೇಳಿದ್ದೆ? "ಆತ್ರಿ ಸಾಹೇಬ್ರ, ಮುಟ್ಟತೈತಿ" ಎಂದೆ. ಬರುತ್ತಾ ಫೇಡೆ ಕಟ್ಟಿಸಿಕೊಂಡು ಬಂದೆ.

ಹಿತ್ತಲಲ್ಲಿ ಎಲ್ಲ ಒಲೆಗಳೂ ಉರಿಯುತ್ತಿದ್ದವು. ಹೆಂಡತಿಯ ತಮ್ಮ ಅವತ್ತೇ ಕರೆಯಲು ಬಂದು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ನಾನು ನಡುವೆ ನಿಂತು ಭಾಷಣ ಮಾಡಿದೆ. ಇನ್ನು ನಾವು ಕಂಪನಿ ಎಂದೆ. ಎಲ್ಲರ ಮುಂದೆ ಫೇಡೆ ಹಿಡಿದೆ.

"ಯಾವತ್ತ ಕೊಡೂದೈತಿ?" ಎಂದಳು ಹೆಂಡತಿ.

ಹೇಳಿದೆ. ರೊಟ್ಟಿ ಬಡಿಯುವ ಸಪ್ಪಳ ಒಮ್ಮೆಗೇ ನಿಂತಿತು.

ಬಾಜು ಮನೆಯ ಆಯಿ ಹಿಟ್ಟು ಸೋಸುತ್ತಿದ್ದಳು. "ಅವತ್ತ ನಾಗಪ್ಪಗ ಹಾಲೆರಿಯೂದೋ ತಮ್ಮಾ," ಎಂದಳು. "ಹಂಚು ಇಳಿಸಿರ್ತಾರ."

"ಹಿಂದಿನ ದಿನ ಬಡದಿಟ್ಟರಾತು."

"ಹಿಂದಿನ ದಿನ ರೊಟ್ಟಿ ಹಬ್ಬ. ತಮ್ಮ ತಮ್ಮ ಮನಿವು ಬಡೀತಾರೋ, ನಿನ್ನವು ಬಡೀತಾರೋ?"

"ಅದರ ಹಿಂದಿನ ದಿನ?"

"ನಾವ್ಯಾರೂ ಇರಂಗಿಲ್ರಿ ಕಾಕಾ," ಎಂದಳು ಒಬ್ಬ ಸೊಸೆ, ನಗು ತಡೆದುಕೊಂಡು. "ನಾಳೆನ ತವರಿಗೆ ಹೊಂಟೇವಿ."

ಫೇಡೆಯ ಡಬ್ಬಿ ನನ್ನ ಕೈಯಲ್ಲೇ ಉಳಿಯಿತು. ಹೆಂಡತಿ ತಮ್ಮನ ಕಡೆ ನೋಡಿದಳು. ಅವನಿಗೆ ಇದು ಹೊಸದಲ್ಲ. ಚಹಾದ ಕಪ್ಪು ಕೆಳಗಿಟ್ಟು, ಚೀಲ ಹೆಗಲಿಗೆ ಹಾಕಿಕೊಂಡು, "ಹಂಗಾರ ಈ ವರ್ಷನೂ ಆಗಂಗಿಲ್ಲ ಬಿಡಕ್ಕಾ" ಎಂದ. ಆ ಕ್ಷಣ ನನಗೆ ಏನನ್ನಿಸಿತು ಗೊತ್ತೇ? ಸದ್ಯ, ಇವಳು ಉಳಿದಳು, ಆರ್ಡರು ಉಳಿಯಿತು ಎಂದು ಸಮಾಧಾನವಾಯಿತು. ಎಂಥ ಗಂಡ ನೋಡಿ.

ಅವಳು ಕೈಯ ಹಿಟ್ಟು ಒರೆಸಿಕೊಂಡಳು. "ಚೀಲಾ ಕೆಳಗ ಇಡು," ಎಂದಳು ತಮ್ಮನಿಗೆ. "ನಾ ಬರಾಕಿ." ನನಗೆ ಹೇಳಿದ್ದು ಇಷ್ಟೇ: "ಆರ್ಡರ್ ನೀವು ತಗೊಂಡೀರಿ. ನೀವ ಬಡೀರಿ."

ಮರುದಿನ ಮೊದಲ ಬಸ್ಸಿಗೆ ಓಣಿಯ ಸೊಸೆಯಂದಿರೆಲ್ಲ ಹೋದರು, ಅವಳೂ ಹೋದಳು. ನಾನು ಧೃತಿಗೆಡಲಿಲ್ಲ. ಸೊಸೆಯಂದಿರು ಹೋದರೇನು, ಊರ ಹೆಣ್ಣುಮಕ್ಕಳು ತವರಿಗೆ ಬರುತ್ತಾರಲ್ಲ, ಅವರಿಂದ ಬಡಿಯಿಸಿದರಾಯಿತು ಎಂದು ಲೆಕ್ಕ ಹಾಕಿದೆ. ಲೆಕ್ಕ ಬಹಳ ಚೆನ್ನಾಗಿತ್ತು. ಅದನ್ನು ಹಿಡಿದುಕೊಂಡು ಬಾಜು ಮನೆಗೆ ಹೋದೆ. ಆಯಿಯ ಮಗಳು ಆಗಷ್ಟೇ ಬಂದು ಕಾಲು ಚಾಚಿ ಕೂತಿದ್ದಳು. ಆಯಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದಳು.

"ತವರಿಗೆ ಬಂದ ಮಗಳ ಕೈಯಾಗ ಹಿಟ್ಟು ಕೊಡ್ತೀಯೇನೋ? ನಾಚಿಕಿ ಬರ್ತೈತೋ ಇಲ್ಲೋ ನಿನಗ?"

"ಆಯಿ, ಒಂದ ದಿನದ ಮಾತು."

"ನಿನ್ನ ಹೇಣ್ತಿ ಬಂದು ಕೇಳಿದ್ರ ಹುಡಿಗ್ಯಾರು ಇಲ್ಲ ಅನ್ನಂಗಿಲ್ಲ. ಆಕಿಗೆ ಯಾರ ಇಲ್ಲ ಅಂತಾರ? ನೀ ಕೇಳಿದ್ರ ಯಾರ ಬಡೀತಾರ?"

ಉಳಿದ ಮನೆಗಳಲ್ಲಿ ಇಷ್ಟು ಮರ್ಯಾದೆಯಿಂದಲೂ ಮಾತಾಡಲಿಲ್ಲ. ಬೆಕ್ಕನ್ನು ಎಬ್ಬಿಸಿ ಮಷೀನು ಹಚ್ಚಿ ನೋಡಿದೆ. ಅದು ಗುರ್ ಎಂದು ಸುಮ್ಮನಾಯಿತು, ಬೆಕ್ಕು ಮತ್ತೆ ಬಂದು ಮಲಗಿತು. ಕೊನೆಗೆ ಮ್ಯಾನೇಜಿಂಗ್ ಡೈರೆಕ್ಟರ್ ಸಾಹೇಬರು ತಾವೇ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಹಿಟ್ಟಿಗೆ ಎಸರು ಎಷ್ಟು? ಅದು ಗೊತ್ತಿಲ್ಲ. ಮೊದಲನೆಯದು ಕೈಗೇ ಅಂಟಿತು. ಎರಡನೆಯದು ಹಂಚಿನವರೆಗೆ ಹೋಗುವ ದಾರಿಯಲ್ಲಿ ಮೂರು ಪಾಲಾಯಿತು. ಮೂರನೆಯದನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಲು ಹೋಗಿ ಬೆರಳು ಸುಟ್ಟುಕೊಂಡೆ. ಹೆಂಡತಿ ಬರಿಗೈಯಿಂದ ತಿರುವಿಹಾಕುವುದನ್ನು ದಿನವೂ ನೋಡಿದವನು ನಾನು, ಹಂಚು ಸುಡುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ನನ್ನ ರೊಟ್ಟಿಯನ್ನು ಎಮ್ಮೆಯ ಮುಂದೆ ಹಿಡಿದೆ. ಅದು ಮೂಸಿ ನೋಡಿ ಮುಖ ತಿರುಗಿಸಿತು.

ರೊಟ್ಟಿ ಹಬ್ಬದ ದಿನ ಬೆಳಿಗ್ಗೆ ನಾನು ತಂಬೂರಕ್ಕೆ ಹೊರಟೆ. ಅವಳನ್ನು ಕರೆದುಕೊಂಡು ಬರುವುದೇ ಉಳಿದ ದಾರಿ. ಮಧ್ಯಾಹ್ನದ ಬಸ್ಸಿಗೆ ಹೊರಟರೆ ಸಂಜೆಗೆ ಊರು. ಆಯಿ ಹೇಳಿದ ಹಾಗೆ ಹುಡುಗಿಯರು ಅವಳ ಮಾತು ತೆಗೆದುಹಾಕುವುದಿಲ್ಲ. ಒಂದು ರಾತ್ರಿ ಹಂಚು ತಡವಾಗಿ ಇಳಿಸಿದರೆ ನಾಗಪ್ಪನೇನೂ ಬೇಜಾರು ಮಾಡಿಕೊಳ್ಳಲಾರ. ಬೆಳಗಾಗುವುದರೊಳಗೆ ಲೋಡು ತಯಾರು, ಅವಳನ್ನು ಮುಂದಿನ ವರ್ಷ ಕಳಿಸಿದರಾಯಿತು. ಹೆಣ್ಣುಮಕ್ಕಳಿಗೆ ಟಿಕೀಟಿಲ್ಲದ ಕಾಲ ಇದು, ಅದರಲ್ಲೂ ಪಂಚಮಿ. ಬಸ್ಸಿನಲ್ಲಿ ನಾನೂ ಕಂಡಕ್ಟರನೂ ಬಿಟ್ಟರೆ ಗಂಡಸರೇ ಇಲ್ಲವೇನೋ ಅನ್ನಿಸಿತು. ಹುಬ್ಬಳ್ಳಿಯಿಂದ ಕಲಘಟಗಿಯವರೆಗೆ ಯಾರದೋ ಉಂಡಿಯ ಡಬ್ಬಿ ತಲೆಗೆ ತಾಗುತ್ತಿತ್ತು. ನಾನು ಒಂದೇ ಮಾತನ್ನು ಬಾಯಿಪಾಠ ಮಾಡುತ್ತಿದ್ದೆ: "ಇದೊಂದು ಸಲ ಬಾ, ನಮ್ಮ ಧಂದೆದ ಪ್ರಶ್ನಿ ಐತಿ."

ತಂಬೂರದಲ್ಲಿ ಜಿಟಿಜಿಟಿ ಮಳೆ ಆಗಷ್ಟೇ ನಿಂತಿತ್ತು. ಅವಳ ತವರ ಮನೆಯ ಮುಂದಿನ ಮರಕ್ಕೆ ಜೋಕಾಲಿ ಕಟ್ಟಿದ್ದರು, ಸುತ್ತ ಹೆಂಗಸರ ಗದ್ದಲ. ಹಲಗೆಯ ಮೇಲೆ ಇಬ್ಬರು ಎದುರುಬದುರು ನಿಂತು ಜೀಕುತ್ತಿದ್ದರು. ಒಬ್ಬಳು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮಂಡಿ ಬಗ್ಗಿಸಿ, ಒಂದು ಟೊಂಗೆಯನ್ನು ಕಾಲಿನಿಂದ ಮುಟ್ಟುತ್ತೇನೆಂದು ಪಣ ತೊಟ್ಟವಳ ಹಾಗೆ ಮೇಲಕ್ಕೆ ಹೋಗುತ್ತಿದ್ದಳು. ಬಾಯಿತುಂಬ ನಗುತ್ತಿದ್ದಳು. ಯಾರಪ್ಪಾ ಈ ಗಟ್ಟಿಗಿತ್ತಿ ಎಂದು ನೋಡಿದೆ. ನನ್ನ ಹೆಂಡತಿ.

ಅವಳು ನಗುವುದನ್ನು ನಾನು ನೋಡಿಲ್ಲವೆಂದಲ್ಲ. ನಮ್ಮ ಮನೆಯಲ್ಲಿ ಅವಳು ಸೆರಗು ಬಾಯಿಗೆ ಒತ್ತಿಕೊಂಡು, ಒಂದು ಕಣ್ಣು ಹಂಚಿನ ಮೇಲಿಟ್ಟು ನಗುತ್ತಾಳೆ. ಇಷ್ಟು ನಗು ಅವಳೊಳಗೆ ಇತ್ತೆಂದು ನನಗೆ ಗೊತ್ತಿರಲಿಲ್ಲ.  ಬಸ್ಸಿನಲ್ಲಿ ಬಾಯಿಪಾಠ ಮಾಡಿದ ಮಾತು ಹಾಗೇ ನಿಂತುಬಿಟ್ಟಿತು.

ಆಗ ಅವಳು ನನ್ನನ್ನು ನೋಡಿದಳು. ಜೋಕಾಲಿ ನಿಧಾನವಾಯಿತು. ಇಳಿದು ಬಂದಳು. ಬರುತ್ತಾ ಸಿಕ್ಕಿಸಿದ ನೆರಿಗೆ ಬಿಚ್ಚಿ ಕೆಳಗೆ ಬಿಟ್ಟಳು. ನನ್ನ ಹತ್ತಿರ ಬರುವಷ್ಟರಲ್ಲಿ ಮುಖದ ನಗು ಹೋಗಿ ಒಲೆಯ ಮುಂದಿನ ಮುಖ ಬಂದಿತ್ತು.

"ಕರಿಯಾಕ ಬಂದೀರೇನ್ರಿ?" ಎಂದಳು. ನಾನು ಬಾಯಿ ತೆರೆಯುವುದರೊಳಗೆ ಅವಳೇ ಮುಂದುವರಿದಳು: "ಹಿಟ್ಟು ಬೀಸಿದ್ದು ಎಷ್ಟೈತಿ? ಕಟಿಗಿ ಒಳಗ ಇಟ್ಟೀರಿಲ್ಲೋ? ಮಧ್ಯಾಹ್ನದ ಬಸ್ಸಿಗೆ ಹೋದ್ರ ಸಂಜಿಗೆ ಮುಟ್ಟತೇವಿ. ತಡೀರಿ, ಅವ್ವಗ ಹೇಳಿ ಬರ್ತೇನಿ."

ಬೈಯಲಿಲ್ಲ, ಮುಖ ಗಂಟು ಹಾಕಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅವಳು ತಿರುಗಿ ಮನೆಯ ಕಡೆ ಹೆಜ್ಜೆ ಇಟ್ಟಾಗಿತ್ತು. ಕಟ್ಟೆಯ ಮೇಲೆ ಅವಳ ತಮ್ಮ ನಿಂತಿದ್ದ. ಅವನು ನನ್ನನ್ನೇ ನೋಡುತ್ತಿದ್ದ.

"ಏ, ನಿಲ್ಲ," ಎಂದೆ. "ಕರಿಯಾಕ ಬಂದಿಲ್ಲ. ನಾನೂ ಪಂಚಮಿಗೆ ಬಂದೇನಿ."

"ಪಂಚಮಿಗೆ ಗಂಡಸರು ಬರ್ತಾರೇನ್ರಿ?"

"ನಾ ಬಂದೇನಿ."

"ಆರ್ಡರ್?"

"ಅದರದು ವ್ಯವಸ್ಥಾ ಆಗೇತಿ."

ಅವಳು ನನ್ನ ಬೆರಳು ನೋಡಿದಳು. ಬೊಬ್ಬೆಗಳು ಎದ್ದಿದ್ದವು. ಅಂಗಿಯ ತೋಳಿಗೆ ಹಿಟ್ಟು ಒಣಗಿ ಅಂಟಿತ್ತು.  ನೆರಿಗೆಯನ್ನು ಮತ್ತೆ ಎತ್ತಿ ಸಿಕ್ಕಿಸಿಕೊಂಡಳು. "ಬಂದೀರಿ ಅಂದ್ರ ಸುಮ್ನ ಯಾಕ ನಿಂತೀರಿ, ತೂಗ್ರಿ," ಎಂದಳು. ಆ ಊರ ಹೆಂಗಸರೆಲ್ಲ ನೋಡುತ್ತಿರಲು ನಾನು ಜೋಕಾಲಿ ತೂಗಿದೆ. ಅದರಲ್ಲೂ ನಾನು ಪ್ರವೀಣನಲ್ಲ. ಹಲಗೆ ತಿರುಗಿ ಬಂದು ಮೊಣಕಾಲಿಗೆ ಬಡಿಯಿತು, ಎಲ್ಲರೂ ನಕ್ಕರು, ಎಲ್ಲರಿಗಿಂತ ಹೆಚ್ಚು ಅವಳು ನಕ್ಕಳು. ಟೊಂಗೆಗೆ ಕಾಲು ಮುಟ್ಟಿಸಿಯೇ ಇಳಿದಳು.

ಆಮೇಲೆ ಮನೆಯ ಹಿಂದೆ ಹೋಗಿ ಹುಬ್ಬಳ್ಳಿಗೆ ಫೋನು ಮಾಡಿದೆ. ಪಂಚಮಿಗೆ ನಮ್ಮ ಕಡೆ ಹಂಚು ಇಡುವುದಿಲ್ಲ, ರೊಟ್ಟಿ ಆಗುವುದಿಲ್ಲ ಎಂದು ಹೇಳಿದೆ. "ಮೊದಲ ಯಾಕ ಹೇಳಲಿಲ್ರಿ? ಧಂದೆ ಮಾಡೋರು ಹಿಂಗ ಮಾಡ್ತಾರೇನು?" ಎಂದರು ಅವರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಹೌದ್ರಿ, ಹೌದ್ರಿ ಎಂದೆ. ಫೋನು ಇಟ್ಟರು. ಆ ಕ್ಯಾಂಟೀನಿಗೆ ಈಗ ಬೇರೆ ಯಾರೋ ಕೊಡುತ್ತಾರೆ. ಒಳಗೆ ಹೋದೆ, ನನ್ನ ಅತ್ತೆ ತಾಟಿನ ತುಂಬ ಬಡಿಸಿದರು, ನಾಚಿಕೆ ಬಿಟ್ಟು ಉಂಡೆ.

ಕಂಪನಿ ಆಗುವುದು ತಪ್ಪಿತೆಂದು ಧಂದೆ ನಿಲ್ಲಲಿಲ್ಲ. ಖಾನಾವಳಿಗಳು ಒಂದೊಂದಾಗಿ ಕೂಡಿಕೊಂಡವು, ಹಿತ್ತಲ ತಗಡು ಬಾಜು ಜಾಗದವರೆಗೂ ಹೋಗಿದೆ. ಈ ವರ್ಷ ನಾನು ಮೊದಲೇ ಎಲ್ಲ ಖಾನಾವಳಿಗಳಿಗೂ ಹೋಗಿ, ಪಂಚಮಿಯ ವಾರ ನಮ್ಮಲ್ಲಿ ಹಂಚು ಇಳಿಸಿರುತ್ತೇವೆ, ಬೇಕಾದದ್ದನ್ನು ಮುಂಚೆಯೇ ತೆಗೆದಿಟ್ಟುಕೊಳ್ಳಿ ಎಂದು ಗಂಭೀರವಾಗಿ ತಿಳಿಸಿದೆ. ಕುಂದಗೋಳದವನು ನನ್ನನ್ನು ವಿಚಿತ್ರವಾಗಿ ನೋಡಿ, "ಅದು ಯಾರಿಗೆ ಗೊತ್ತಿಲ್ರಿ?" ಎಂದ. ರೊಟ್ಟಿಯ ವ್ಯಾಪಾರದಲ್ಲಿ ಗೊತ್ತಿಲ್ಲದೆ ಇದ್ದವನು ನಾನೊಬ್ಬನೇ.

ಇದೆಲ್ಲ ಆಮೇಲಿನ ಮಾತು. ಹೋದ ವರ್ಷ ಹಬ್ಬ ಮುಗಿಸಿ ಅವಳು ಊರಿಗೆ ಮರಳಿದ ದಿನ ಹಂಚನ್ನು ಒಲೆಗೇರಿಸಿ, ಹಿಟ್ಟು ನಾದಿ, ಮೊದಲ ರೊಟ್ಟಿ ಬಡಿಯುತ್ತಿದ್ದಳು. ಸೊಸೆಯಂದಿರು ಇನ್ನೂ ಬಂದಿರಲಿಲ್ಲ. ನಾನು ಕಟ್ಟಿಗೆ ಮುಂದಕ್ಕೆ ದೂಡುತ್ತಾ ಕೂತಿದ್ದೆ. ಅವಳು ನನ್ನ ಕಡೆ ನೋಡದೆಯೇ ಕೇಳಿದಳು.

"ಆ ಆರ್ಡರ್ ಹೋತು, ಹೌದಲ್ರಿ?"

"ಹೋತು."

ರೊಟ್ಟಿಯನ್ನು ಹಂಚಿಗೆ ಹಾಕಿದಳು, ನೀರು ಸವರಿದಳು. "ಅವತ್ತ ನೀವು ಕರದಿದ್ರ ನಾ ಬರ್ತಿದ್ನಿ."

"ಗೊತ್ತಿತ್ತು," ಎಂದೆ. "ಅದಕ್ಕ ಕರೀಲಿಲ್ಲ."

ಅವಳ ಕೈ ಹಂಚಿನ ಮೇಲೆ ಒಂದಿಷ್ಟು ನಿಂತಿತು, ಹಂಚು ಸುಡುತ್ತದೆಂಬುದನ್ನು ಅವಳೂ ಮರೆತವಳ ಹಾಗೆ. ಆಮೇಲೆ ರೊಟ್ಟಿ ತಿರುವಿಹಾಕಿದಳು. ಅದು ಉಬ್ಬಿತು. ತೆಗೆದು, ಬೆಣ್ಣೆ ಇಟ್ಟು, ನನ್ನ ಕೈಗೆ ಕೊಟ್ಟಳು. ಮೊದಲ ರೊಟ್ಟಿ ಯಾವತ್ತೂ ಗಿರಾಕಿಗೆ ಎಂದು ತೆಗೆದಿಡುತ್ತಿದ್ದವಳು.

"ಬಿಸಿ ಐತಿ, ಸಾವಕಾಶ ತಿನ್ರಿ," ಎಂದಳು. "ಜ್ವಾಳ ನೋಡಾಕ ಆಮ್ಯಾಲೆ ಹೋಗೀರಂತ."